ಜಿಂಜಾದಲ್ಲಿ ನಾವು ಬಗ್ಗಿಸಿದ ಪೈಪು

ದಾವಣಗೆರೆ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಸಿಂಹದ ಸುದ್ದಿ. ಸಿಂಹ ನಾನು ನೋಡಲಿಲ್ಲ. ನಾನು ಹೋದದ್ದು ಹಬೆಯ ಪೈಪು ಜೋಡಿಸುವುದಕ್ಕೆ, ಅದೂ ಹಡಗು ಹತ್ತಿ, ಸಮುದ್ರ ದಾಟಿ. ದಾವಣಗೆರೆಯ ಒಬ್ಬ ಪೈಪ್ ಫಿಟ್ಟರಿಗೆ ಸಿಂಹಕ್ಕಿಂತ ಅದೇ ದೊಡ್ಡ ಸುದ್ದಿ.

ನನ್ನ ಹೆಸರು ಕೊಟ್ರಪ್ಪ. ಹುಟ್ಟಿದ್ದು ಹರಿಹರದ ಹತ್ತಿರದ ಸಾರಥಿಯಲ್ಲಿ. ಮೀಸೆ ಮೂಡುವ ಹೊತ್ತಿಗೆ ದಾವಣಗೆರೆಯ ಒಂದು ಹತ್ತಿ ಮಿಲ್ಲಿನ ಬಾಯ್ಲರ್ ಮನೆ ಸೇರಿದೆ. ಹನ್ನೆರಡು ವರ್ಷ ಅಲ್ಲಿ ದುಡಿದು, ಆಮೇಲೆ ಪಿ.ಬಿ. ರಸ್ತೆಯ ಬದಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಸ್ವಂತ ಗುತ್ತಿಗೆ ಹಿಡಿಯತೊಡಗಿದೆ. ಕಾರ್ಖಾನೆಯ ಗೋಡೆ ಕಟ್ಟುವವರು ಬೇರೆ, ಯಂತ್ರ ಮಾಡುವವರು ಬೇರೆ. ಆ ಗೋಡೆಯೊಳಗೆ ಯಂತ್ರ ಕೂರಿಸಿ, ಅದಕ್ಕೆ ಹಬೆ, ನೀರು, ಗಾಳಿ ಮುಟ್ಟಿಸುವುದು ನಮ್ಮ ಕೆಲಸ. ಎಣ್ಣೆ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ನೂಲು ಹರಿಯದಂತೆ ಗಾಳಿಯಲ್ಲಿ ತೇವ ಹಿಡಿದಿಡಬೇಕಾದ ನೂಲಿನ ಶೆಡ್ಡು, ಎಲ್ಲವನ್ನೂ ಮಾಡಿದ್ದೆವು. ನನ್ನ ಜೊತೆಗಾರ ಹರಿಹರದ ಇಮಾಮ್ ಸಾಬರು. ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತವರು. ಅವರು ಹಾಕಿದ ವೆಲ್ಡಿಂಗ್ ಸೋರಿದ್ದನ್ನು ನಾನು ಕಂಡಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮಿಲ್ಲುಗಳಿಗೆ ಯುಗಾಂಡಾದ ಉದ್ದ ಎಳೆಯ ಹತ್ತಿ ತರಿಸಿಕೊಡುತ್ತಿದ್ದ ಒಬ್ಬ ಗುಜರಾತಿ ದಲ್ಲಾಳಿ ನಮ್ಮ ಕೆಲಸ ನೋಡಿದ್ದರು. ಅವರ ನೆಂಟರೊಬ್ಬರು ಅದೇ ಯುಗಾಂಡಾದ ಜಿಂಜಾ ಎಂಬ ಊರಿನಲ್ಲಿ ಬಟ್ಟೆಯ ಕಾರ್ಖಾನೆ ಕಟ್ಟಿ ಮುಗಿಸಿದ್ದರು. ಬಣ್ಣ ಹಾಕುವ ಮನೆಗೆ ಹೋಗುವ ಹಬೆಯ ಪೈಪು ಮಾತ್ರ ಹಟ ಹಿಡಿದು ಸೋರುತ್ತಿತ್ತಂತೆ. ನಮಗೆ ಕರೆ ಬಂತು.

ನನ್ನ ಹೆಂಡತಿ ಗಂಗಮ್ಮ ಖಡಕ್ ರೊಟ್ಟಿ ಕಟ್ಟುತ್ತ ಕೇಳಿದಳು: "ಅಷ್ಟು ದೂರದಾಗೆ ಫಿಟ್ಟರು ಯಾರೂ ಇಲ್ಲೇನ್ರಿ?"

"ಇದ್ದಾರೆ. ಆದ್ರೂ ನಮ್ಮನ್ನ ಕರೆದಾರೆ ನೋಡು" ಎಂದೆ. ನನ್ನ ದನಿಯಲ್ಲಿದ್ದ ಜಂಬ ಅವಳಿಗೆ ಕೇಳಿಸಿರಬೇಕು. ಎರಡು ರೊಟ್ಟಿ ಹೆಚ್ಚಿಗೇ ಇಟ್ಟಳು.

ಮೊಂಬಾಸಾ

ಮುಂಬಯಿಯಿಂದ ಹಡಗಿನ ಪ್ರಯಾಣದ ಬಗ್ಗೆ ಹೇಳುವುದು ಕಡಿಮೆ. ಮೊದಲ ನಾಲ್ಕು ದಿನ ನಾನು ಮಲಗಿಯೇ ಇದ್ದೆ. ತುಂಗಭದ್ರೆಯಲ್ಲಿ ತೆಪ್ಪ ಹತ್ತಿದವನಿಗೆ ಸಮುದ್ರ ಏನು ಮಹಾ ಎಂದು ಹೊರಡುವಾಗ ಹೇಳಿದ್ದೆ. ಆ ಮಾತನ್ನು ಇಮಾಮ್ ಸಾಬರು ದಿನಕ್ಕೆ ಮೂರು ಸಲ ನನಗೇ ನೆನಪಿಸಿದರು. ಐದನೆಯ ದಿನ ಎದ್ದು ಕೂತು ರೊಟ್ಟಿ ಮುರಿದೆ. ಪಕ್ಕದಲ್ಲಿದ್ದ ಪಂಜಾಬಿ ಬಡಗಿಯೊಬ್ಬರು ಇದೇನು ಹಂಚೋ ತಿಂಡಿಯೋ ಎಂದು ಕೇಳಿ, ಒಂದು ತುಂಡು ಶೇಂಗಾ ಚಟ್ನಿಯ ಜೊತೆ ತಿಂದು, ಮರುದಿನ ತಾವಾಗಿಯೇ ಬಂದು ಕೂತರು.

ಮೊಂಬಾಸಾದ ಬಂದರಿನಲ್ಲಿ ಸುಂಕದ ಅಧಿಕಾರಿ ನಮ್ಮ ಹತಾರದ ಪೆಟ್ಟಿಗೆ ತೆರೆಸಿದ. ಪಾನಾ, ಚೈನು, ಸುತ್ತಿಗೆ ಯಾವುದಕ್ಕೂ ಅವನು ತಕರಾರು ಮಾಡಲಿಲ್ಲ. ಮೂಲೆಯಲ್ಲಿದ್ದ ನನ್ನ ವಿಭೂತಿ ಗಟ್ಟಿಯ ಮೇಲೆ ಅವನ ಕಣ್ಣು ಬಿತ್ತು. ಮೂಸಿದ, ಉಗುರಿನಿಂದ ಕೆರೆದ, ಮೇಲಧಿಕಾರಿಯನ್ನು ಕರೆಯಲು ಹೊರಟ. ನನಗೆ ಇಂಗ್ಲಿಷಿನಲ್ಲಿ ವಿಭೂತಿಯನ್ನು ವಿವರಿಸಲು ಬರಲಿಲ್ಲ. ಇಮಾಮ್ ಸಾಬರು ಮುಂದೆ ಬಂದು, "ಚಾಕ್, ಸರ್. ಪೈಪ್ ಮಾರ್ಕಿಂಗ್" ಎಂದರು. ಅಧಿಕಾರಿ ಅದನ್ನು ಮೇಜಿನ ಮೇಲೆ ಎಳೆದು ನೋಡಿದ. ಗೆರೆ ಸರಿಯಾಗಿ ಮೂಡಲಿಲ್ಲ. ಇಷ್ಟು ಕಳಪೆ ಚಾಕ್ ಇಂಡಿಯಾದಿಂದ ಹೊತ್ತು ತಂದಿರಲ್ಲ ಎಂಬಂತೆ ನಮ್ಮನ್ನು ನೋಡಿ ಪೆಟ್ಟಿಗೆ ಮುಚ್ಚಿದ.

"ಸಾಬ್ರೆ, ನಮ್ಮ ದೇವರನ್ನ ಚಾಕ್ ಮಾಡಿಬಿಟ್ರಲ್ಲ" ಎಂದೆ.

"ನಿಮ್ಮ ದೇವರು ಜೈಲಿಗೆ ಹೋಗಾದು ತಪ್ಪಿಸೀನಿ ಕೊಟ್ರಣ್ಣ. ಸುಮ್ನೆ ನಡೀರಿ" ಎಂದರು.

ಜಿಂಜಾ

ಎರಡು ರಾತ್ರಿ ರೈಲಿನಲ್ಲಿ ಕೂತು ಜಿಂಜಾ ತಲುಪಿದೆವು. ಕಡಲಿನಂಥ ಒಂದು ಕೆರೆ, ಅದರ ಒಂದು ಮೂಲೆಯಿಂದ ನೈಲ್ ನದಿ ಹೊರಡುತ್ತದೆ. ಹರಿಹರದ ಸೇತುವೆಯ ಕೆಳಗೆ ಬೇಸಿಗೆಯಲ್ಲಿ ಬಂಡೆ ಎಣಿಸುತ್ತ ಬೆಳೆದ ಸಾಬರು ಅಷ್ಟು ನೀರು ಒಟ್ಟಿಗೆ ಹೋಗುವುದನ್ನು ನೋಡಿ ಹತಾರದ ಪೆಟ್ಟಿಗೆ ಕೆಳಗಿಟ್ಟು ದಂಡೆಯ ಮೇಲೇ ಕೂತುಬಿಟ್ಟರು.

ಕಾರ್ಖಾನೆಯ ಮ್ಯಾನೇಜರು ಛಗನ್‌ಭಾಯಿ. ತೆಳ್ಳಗಿನ ಮನುಷ್ಯ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಮಗೆ ಸಹಾಯಕ್ಕೆ ಅವರು ಕೊಟ್ಟವನು ವೈಸ್ವಾ. ಮೂವತ್ತರ ಆಸುಪಾಸಿನ ಆ ಊರಿನವನು. ಮೊದಲು ಗುಜರಾತಿಯೊಬ್ಬರ ಅಂಗಡಿಯಲ್ಲಿದ್ದುದರಿಂದ ಹರಕುಮುರುಕು ಹಿಂದಿ ಬರುತ್ತಿತ್ತು. ನನ್ನ ಹಿಂದಿಯೂ ಅಷ್ಟರದ್ದೇ. ಹಾಗಾಗಿ ನಮ್ಮಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಆ ಜನರ ಒಂದು ರೂಢಿ ಮೊದಲ ವಾರ ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ನಮ್ಮಲ್ಲಿ ಎದುರಿಗೆ ಸಿಕ್ಕವರಿಗೆ "ಊಟ ಆತೇನ್ರಿ?" ಎಂದರೆ ಮುಗಿಯಿತು. ಅಲ್ಲಿ ಹಾಗಲ್ಲ. ಹೇಗೆ ನಿದ್ದೆ ಮಾಡಿದೆ, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ನಿನ್ನೆ ಮಾಡಿದ ಕೆಲಸಕ್ಕೆ ಕೃತಜ್ಞತೆ ಎಂದು ಒಂದೊಂದಾಗಿ ಕೇಳಿ, ಪ್ರತಿಯೊಂದಕ್ಕೂ ಉತ್ತರ ಪಡೆದು, ಆಮೇಲೆಯೇ ಪಾನಾ ಕೈಗೆ ತೆಗೆದುಕೊಳ್ಳಬೇಕು. ನಾನು ಒಂದು ದಿನ ಅವಸರದಲ್ಲಿ "ಆಯ್ತು ಆಯ್ತು, ಏಣಿ ತಾ" ಎಂದೆ. ವೈಸ್ವಾ ಏಣಿ ತಂದ, ಆದರೆ ಸಂಜೆಯವರೆಗೆ ಮುಖ ಕೊಟ್ಟು ಮಾತಾಡಲಿಲ್ಲ. ಮರುದಿನದಿಂದ ನಾನೂ ಅವನ ಹೆಂಡತಿ ಮಕ್ಕಳನ್ನು ಕೇಳಿಯೇ ಏಣಿ ಕೇಳತೊಡಗಿದೆ.

ಅವನ ಎಡಗೈಯ ಚರ್ಮ ಮೊಣಕೈಯವರೆಗೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಏನಾಯಿತೆಂದು ಕೇಳಿದೆ. ಅವನು ತಲೆಯ ಮೇಲೆ ಹಾದುಹೋಗಿದ್ದ ಪೈಪನ್ನು ತೋರಿಸಿದ.

ಬಾಯ್ಲರ್ ಮನೆಯಿಂದ ಬಣ್ಣದ ಮನೆಗೆ ಇನ್ನೂರು ಅಡಿ, ನಾಲ್ಕಿಂಚಿನ ಪೈಪು. ನಮಗಿಂತ ಮೊದಲು ಬಂದ ಗುತ್ತಿಗೆಯವರು ಅದನ್ನು ದಾರದಂತೆ ನೇರವಾಗಿ ಎಳೆದು ಎರಡೂ ಗೋಡೆಗೆ ಬಿಗಿದಿದ್ದರು. ಹಬೆ ಬಿಟ್ಟ ಮೊದಲ ದಿನವೇ ನಡುವಿನ ಜೋಡಣೆಯೊಂದರ ಸಂದಿಗೆ ಇಟ್ಟಿದ್ದ ಪ್ಯಾಕಿಂಗ್ ಹಾರಿ, ಕೆಳಗೆ ನಿಂತಿದ್ದ ವೈಸ್ವಾನ ಕೈ ಬೆಂದಿತ್ತು. ಅಂದಿನಿಂದ ಕೂಲಿಯವರು ಆ ಪೈಪಿನ ಕೆಳಗೆ ನಡೆಯುತ್ತಿರಲಿಲ್ಲ. ಬಳಸಿಕೊಂಡು ಹೊರಗಿನಿಂದ ಹೋಗುತ್ತಿದ್ದರು.

ತಪ್ಪು ನನಗೆ ಅರ್ಧ ಗಳಿಗೆಯಲ್ಲಿ ತಿಳಿಯಿತು. ಕಬ್ಬಿಣ ಕಾಯ್ದರೆ ಬೆಳೆಯುತ್ತದೆ. ಇನ್ನೂರು ಅಡಿ ಪೈಪು ಹಬೆಯ ಶಾಖಕ್ಕೆ ನಾಲ್ಕಿಂಚಿನಷ್ಟು ಉದ್ದವಾಗುತ್ತದೆ. ಬೆಳೆಯಲು ಜಾಗ ಬೇಕು. ಅದಕ್ಕೇ ನಡುನಡುವೆ ಕುದುರೆಯ ಲಾಳದ ಆಕಾರದ ಸುತ್ತು ಕೂರಿಸಬೇಕು. ಪೈಪು ಬೆಳೆದಾಗ ಲಾಳ ಕುಗ್ಗಿ ಜಾಗ ಕೊಡುತ್ತದೆ. ನಕ್ಷೆ ತರಿಸಿ ನೋಡಿದರೆ ಅದರಲ್ಲಿ ಎರಡು ಲಾಳ ಬರೆದೇ ಇತ್ತು. ಆ ಸಾಮಾನು ಹಡಗಿನಲ್ಲಿ ಬಂದಿರಲಿಲ್ಲ. ಮೊದಲಿನವರು ಆತುರಕ್ಕೆ ನೇರ ಪೈಪು ಹಾಕಿ ಹೊರಟುಹೋಗಿದ್ದರು.

ಛಗನ್‌ಭಾಯಿಗೆ ಹೇಳಿದೆ. ಅವರಿಗೆ ರುಚಿಸಲಿಲ್ಲ.

"ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟ್ ಬಿಗಿ ಮಾಡಿ. ನಿಮ್ಮನ್ನು ಕರೆಸಿದ್ದು ಅಷ್ಟಕ್ಕೇ" ಎಂದರು.

"ಬಿಗಿ ಮಾಡಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಲಾಳ ಹಾಕದೆ ನಾನು ಹಬೆ ಬಿಡುವುದಿಲ್ಲ."

"ಹಾಗಾದರೆ ಮುಂದಿನ ಹಡಗಿಗೆ ನಿಮ್ಮ ಟಿಕೆಟ್ ಮಾಡಿಸಲೇ?"

ಇಷ್ಟು ದೂರ ಬಂದು ಕೆಲಸ ಮುಟ್ಟದೆ ತಿರುಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆದರೆ ವೈಸ್ವಾನ ಕೈ ನೋಡಿದ ಮೇಲೆ ಬೇರೆ ಮಾತು ಬಾಯಿಗೆ ಬರಲಿಲ್ಲ. "ಮಾಡಿಸಿ" ಎಂದೆ.

ನಮ್ಮನ್ನು ಉಳಿಸಿದವರು ಬಾಯ್ಲರ್ ಇನ್‌ಸ್ಪೆಕ್ಟರ್ ಹಾರ್ಪರ್ ಎಂಬ ಬಿಳಿಯ. ಅವರ ರುಜು ಇಲ್ಲದೆ ಕಾರ್ಖಾನೆ ನಡೆಯುವಂತಿರಲಿಲ್ಲ. ಅವರೂ ಲಾಳವೇ ಬೇಕೆಂದು ಹಟ ಹಿಡಿದಿದ್ದರು. ಆದರೆ ಅವು ಇಂಗ್ಲೆಂಡಿನಿಂದಲೇ ಬರಬೇಕು ಎಂಬುದು ಅವರ ಮಾತು. ಅಂದರೆ ಇನ್ನೂ ಆರೇಳು ತಿಂಗಳು. ನಾನು ನನ್ನ ಇಂಗ್ಲಿಷನ್ನು ಒಟ್ಟುಗೂಡಿಸಿಕೊಂಡು, ಇಲ್ಲಿಯೇ ಬಗ್ಗಿಸುತ್ತೇನೆ ಎಂದೆ. ಹಾರ್ಪರ್ ನನ್ನ ಪಂಚೆಯನ್ನೂ ಹಣೆಯನ್ನೂ ನೋಡಿದರು.

"ಬಾಗಿನಲ್ಲಿ ಪೈಪು ಚಪ್ಪಟೆಯಾದರೆ ತೆಗೆದುಕೊಳ್ಳುವುದಿಲ್ಲ."

"ಪೈಪಿನ ಒಳಗಾತ್ರಕ್ಕೆ ಒಂದು ಕೂದಲು ಕಡಿಮೆ ಇರುವ ಮರದ ಚೆಂಡು ಮಾಡಿಸಿ. ಒಂದು ತುದಿಯಲ್ಲಿ ಬಿಟ್ಟರೆ ಇನ್ನೊಂದು ತುದಿಗೆ ಉರುಳಿ ಬರಬೇಕು. ಬರದಿದ್ದರೆ ನಾನೇ ಆ ಪೈಪನ್ನು ಕೆರೆಗೆ ಎಸೆಯುತ್ತೇನೆ" ಎಂದೆ.

ಅವರು ನಗಲಿಲ್ಲ. "ಚೆಂಡು ನಾನು ಮಾಡಿಸುತ್ತೇನೆ" ಎಂದು ಹೋದರು.

ಕೆರೆಯ ಮರಳು

ದಪ್ಪ ಪೈಪು ಬಗ್ಗಿಸುವ ಬಗೆ ಹೀಗೆ. ಒಳಗೆ ಒಣ ಮರಳು ತುಂಬಿ, ಹೊರಗಿನಿಂದ ಸುತ್ತಿಗೆಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಬೇಕು. ಎರಡೂ ಬಾಯಿಗೆ ಮರದ ಬೆಣೆ ಬಡಿಯಬೇಕು. ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನೆಲದಲ್ಲಿ ಹುಗಿದ ಗೂಟಗಳ ನಡುವೆ ಸಿಕ್ಕಿಸಿ, ಚೈನು ಹಾಕಿ ನಿಧಾನ ಎಳೆಯಬೇಕು. ಮರಳು ಒಳಗಿನಿಂದ ಆತುಕೊಳ್ಳುವುದರಿಂದ ಪೈಪು ಚಪ್ಪಟೆಯಾಗುವುದಿಲ್ಲ.

ಕೆರೆಯ ದಂಡೆಯಿಂದ ಮರಳು ತರಿಸಿ ಎರಡು ದಿನ ಬಿಸಿಲಿಗೆ ಹರವಿದೆ. ಮುಷ್ಟಿಯಲ್ಲಿ ಹಿಡಿದು ನೋಡಿದೆ, ಜಾರಿತು. ಸಾಕು ಎಂದುಕೊಂಡೆ. ಅಲ್ಲೇ ತಪ್ಪಿದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಎರಡು ದಿನದಲ್ಲಿ ಒಣಗುವ ಮರಳು, ಆ ಕೆರೆಯ ಗಾಳಿಯಲ್ಲಿ ಮೇಲೆ ಒಣಗಿ ಒಳಗೆ ತೇವ ಹಿಡಿದುಕೊಂಡಿತ್ತು. ಪೈಪು ಕೆಂಪಾಗುತ್ತಿದ್ದಂತೆ ಒಳಗಿನ ತೇವ ಹಬೆಯಾಯಿತು. ಬೆಣೆ ತೋಪಿನ ಗುಂಡಿನಂತೆ ಹಾರಿ ಶೆಡ್ಡಿನ ತಗಡು ತೂತು ಮಾಡಿಕೊಂಡು ಆಚೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎಲ್ಲರೂ ಓಡಿದರು. ವೈಸ್ವಾ ಎಲ್ಲರಿಗಿಂತ ದೂರ ಹೋಗಿ ನಿಂತಿದ್ದ. ಸುಟ್ಟ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಕೈ ನೋಡಿಯೇ ಹಟ ಹಿಡಿದವನು ನಾನು, ಅದೇ ಕೈಯವನನ್ನು ಅಪಾಯಕ್ಕೆ ನಿಲ್ಲಿಸಿದ್ದೆ.

ಸಂಜೆ ಅವನ ಮನೆಗೆ ಹೋದೆ. ಕ್ಷಮೆ ಕೇಳಲು ಹಿಂದಿಯ ಸರಿಯಾದ ಮಾತು ಗೊತ್ತಿರಲಿಲ್ಲ. "ತಪ್ಪು ನನ್ನದು. ಮರಳಿನದಲ್ಲ" ಎಂದೆ. ಅವನು ಕೂರಲು ಹೇಳಿದ. ಅವನ ಹೆಂಡತಿ ಅಲ್ಲಿಯ ರೂಢಿಯಂತೆ ಮೊಣಕಾಲೂರಿ ನಮಸ್ಕರಿಸಿ, ಬಾಳೆಯ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಬಾಳೆಕಾಯಿಯನ್ನೂ ಶೇಂಗಾದ ಗಟ್ಟಿ ಸಾರನ್ನೂ ಬಡಿಸಿದಳು. ಮಾಂಸ ತಿನ್ನದ ನನಗೆ ಆ ನಾಡಿನಲ್ಲಿ ಹೊಟ್ಟೆ ತುಂಬ ಸಿಕ್ಕ ಮೊದಲ ಊಟ ಅದು. ನಮ್ಮ ಮುದ್ದೆಯನ್ನು ಮುರಿದಂತೆ ಮುರಿದು ತಿಂದೆ.

ಹೊರಡುವಾಗ ವೈಸ್ವಾ ಒಂದೇ ಮಾತು ಕೇಳಿದ: "ಆ ಪೈಪಿಗೆ ಹಬೆ ಬಿಡುವ ದಿನ ನೀವು ಎಲ್ಲಿ ನಿಲ್ಲುತ್ತೀರಿ?"

"ನಿನ್ನ ಕೈ ಸುಟ್ಟ ಜಾಗದಲ್ಲಿ."

ಅವನು ತಲೆಯಾಡಿಸಿದ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಭಟ್ಟಿ

ಮರುದಿನ ಬೆಳಿಗ್ಗೆ ಇಮಾಮ್ ಸಾಬರು ಒಂದು ದೊಡ್ಡ ಕಬ್ಬಿಣದ ತಗಡನ್ನು ಬಾಣಲೆಯಂತೆ ಬಾಗಿಸಿ ಒಲೆಯ ಮೇಲೆ ಇಟ್ಟಿದ್ದರು.

"ಏನ್ರಿ ಸಾಬ್ರೆ ಇದು?"

"ನಮ್ಮ ಬೀಗರು ದಾವಣಗೆರ್‍ಯಾಗೆ ಮಂಡಕ್ಕಿ ಭಟ್ಟಿ ಇಟ್ಟಾರೆ ಅಂಬೋದು ಮರೆತ್ರೇನು? ಮರಳು ಒಣಗ್ಸಾದು ಬಿಸಿಲಿನ ಕೆಲಸ ಅಲ್ಲ ಕೊಟ್ರಣ್ಣ. ಮರಳ್ನ ಹುರೀಬೇಕು."

ಬುಟ್ಟಿಗಟ್ಟಲೆ ಮರಳನ್ನು ಬಾಣಲೆಗೆ ಸುರಿದು ಕೈಯಾಡಿಸುತ್ತ ಹುರಿದರು. ಮೊದಲು ಬೂದು ಹಬೆ ಎದ್ದಿತು, ಆಮೇಲೆ ನಿಂತಿತು. ಭಟ್ಟಿಯವರು ಹದ ನೋಡಲು ಕಾದ ಮರಳಿಗೆ ಒಂದು ಹಿಡಿ ಅಕ್ಕಿ ಎಸೆಯುತ್ತಾರೆ. ಅಲ್ಲಿ ಮಂಡಕ್ಕಿಯ ಅಕ್ಕಿ ಎಲ್ಲಿಂದ ಬರಬೇಕು? ಸಾಬರು ಗೇಟಿನ ಹತ್ತಿರ ಕೂತಿದ್ದ ಮುದುಕಿಯಿಂದ ಒಂದು ಬೊಗಸೆ ಮೆಕ್ಕೆಜೋಳ ತಂದು ಎಸೆದರು. ಪಟಪಟ ಸಿಡಿದು ಬೆಳ್ಳಗೆ ಅರಳಿ ಮರಳಿನ ಮೇಲೆಲ್ಲ ಕುಣಿದವು. ದೂರ ನಿಂತಿದ್ದ ಕೂಲಿಯವರು ನಗುತ್ತ ಹತ್ತಿರ ಬಂದರು. ಒಬ್ಬ ಒಂದು ಅರಳು ಆರಿಸಿ ಬಾಯಿಗೆ ಹಾಕಿಕೊಂಡ. ನೋಡನೋಡುತ್ತ ಇನ್ನೊಂದು ಬೊಗಸೆ ಜೋಳ ಬಂತು. ಆ ದಿನ ಬಣ್ಣದ ಮನೆಯ ಹಿಂದೆ ನಮ್ಮ ಮಂಡಕ್ಕಿ ಭಟ್ಟಿ ಸಂಜೆಯವರೆಗೆ ಉರಿಯಿತು. ಮಧ್ಯಾಹ್ನದ ಹೊತ್ತಿಗೆ ಕೈಯಾಡಿಸುವ ಸಲಿಕೆ ವೈಸ್ವಾನ ಕೈಯಲ್ಲಿತ್ತು. ಅವನು ಯಾವಾಗ ಬಂದನೋ ನಾನು ನೋಡಲಿಲ್ಲ.

ಒಂದು ಲಾಳಕ್ಕೆ ನಾಲ್ಕು ಬಾಗು: ಪೈಪಿನಿಂದ ಹೊರಳಲು ಒಂದು, ಲಾಳದ ಎರಡು ಮೂಲೆಗೆ ಎರಡು, ಮತ್ತೆ ಪೈಪಿಗೆ ಸೇರಲು ಒಂದು. ಎರಡು ಲಾಳಕ್ಕೆ ಎಂಟು. ಮೊದಲನೆಯದಕ್ಕೆ ಚೈನು ಹಾಕಿ ಎಳೆದೆವು. ಕೆಂಪು ಪೈಪು ಒಂದು ಸುಕ್ಕೂ ಇಲ್ಲದೆ ಬಾಗಿತು. ಹಾರ್ಪರ್ ಕಳಿಸಿದ ಚೆಂಡನ್ನು ಒಂದು ತುದಿಯಲ್ಲಿ ಬಿಟ್ಟೆ. ಗಡಗಡ ಉರುಳಿ ಇನ್ನೊಂದು ತುದಿಯಲ್ಲಿ ಸಾಬರ ಅಂಗೈಗೆ ಬಿತ್ತು. ಸಾಬರು ಅದನ್ನು ಕಣ್ಣಿಗೆ ಒತ್ತಿಕೊಂಡರು.

ವೈಸ್ವಾ ಪ್ರತಿ ಬಾಗಿಗೂ ನನ್ನ ಪಕ್ಕದಲ್ಲೇ ನಿಂತ. ಕಬ್ಬಿಣದ ಬಣ್ಣ ನೋಡಿ ಯಾವಾಗ ಎಳೆಯಬೇಕು, ಎಲ್ಲಿ ನೀರು ಚಿಮುಕಿಸಿ ತಣಿಸಬೇಕು ಎಂಬುದನ್ನು ಒಂದೂ ಪ್ರಶ್ನೆ ಕೇಳದೆ ನೋಡಿ ಕಲಿತ. ಮಿಲ್ಲಿನಲ್ಲಿ ಇದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿದಿತ್ತು. ಏಳನೆಯದು ಮುಗಿದ ಮೇಲೆ ಎಂಟನೆಯದನ್ನು ಅವನಿಗೆ ಬಿಟ್ಟು ನಾನು ಚೈನು ಎಳೆಯುವವರ ಜೊತೆ ನಿಂತೆ. ಅವನು "ನಿಲ್ಲಿ" ಎಂದಾಗ ನಿಂತೆವು, "ಎಳೆಯಿರಿ" ಎಂದಾಗ ಎಳೆದೆವು. ಒಂದು ಸಲ ನಾನು ಇನ್ನೂ ಎಳೆಯಬೇಕೆಂದುಕೊಂಡೆ, ಅವನು ನಿಲ್ಲಿಸಿದ. ತಣಿದ ಮೇಲೆ ಮೂಲೆಮಟ್ಟ ಇಟ್ಟು ನೋಡಿದೆ. ಅವನು ನಿಲ್ಲಿಸಿದ್ದೇ ಸರಿಯಾಗಿತ್ತು.

ಹಬೆ ಬಿಟ್ಟ ದಿನ

ಇಮಾಮ್ ಸಾಬರು ಎಂಟು ಬಾಗನ್ನೂ ಬೆಸೆದು ಎರಡು ಲಾಳ ಮಾಡಿ ಪೈಪಿನ ನಡುವೆ ಕೂರಿಸಿದರು. ಪೈಪು ಜರುಗಲು ಅನುಕೂಲವಾಗುವಂತೆ ಕೆಳಗೆ ಉರುಳೆಗಳನ್ನಿಟ್ಟೆವು. ಮೊದಲು ತಣ್ಣೀರು ತುಂಬಿ ಒತ್ತಿ ಪರೀಕ್ಷೆ ಮಾಡಿ, ಆಮೇಲೆ ಹಬೆಯ ದಿನ ಗೊತ್ತು ಮಾಡಿದೆವು.

ಆ ದಿನ ಕಾರ್ಖಾನೆಯ ಅಂಗಳದಲ್ಲಿ ಜನ ಸೇರಿದರು. ಕೆಲಸ ಸಿಗುತ್ತದೆಂದು ತಿಂಗಳುಗಳಿಂದ ಗೇಟಿಗೆ ಬಂದು ಹೋಗುತ್ತಿದ್ದವರೂ ಇದ್ದರು. ಎಲ್ಲರೂ ಪೈಪಿನಿಂದ ಮಾರು ದೂರ. ನಾನು ಹೋಗಿ ಆ ನಡುವಿನ ಜೋಡಣೆಯ ಕೆಳಗೆ ನಿಂತೆ. ಛಗನ್‌ಭಾಯಿ "ಅಲ್ಲಿ ಬೇಡ, ಈಚೆ ಬನ್ನಿ" ಎಂದರು. ನಾನು ಕದಲಲಿಲ್ಲ. ಒಂದು ಗಳಿಗೆಯ ಮೇಲೆ ಪಕ್ಕದಲ್ಲಿ ಹೆಜ್ಜೆ ಸದ್ದಾಯಿತು. ವೈಸ್ವಾ ಬಂದು ನಿಂತಿದ್ದ. ಅವನ ಭುಜ ನನ್ನ ಭುಜಕ್ಕೆ ತಾಗಿತ್ತು.

ಸಾಬರು ಬಾಯ್ಲರಿನ ಕಡೆ ಕವಾಟವನ್ನು ಕೂದಲೆಳೆಯಷ್ಟು ತೆರೆದರು. ಮೊದಲು ಪೈಪಿನ ಕೊನೆಯಿಂದ ನೀರು ಉಗುಳಿತು, ಆಮೇಲೆ ಬಿಳಿ ಹಬೆ. ಪೈಪು ಟಿಕ್ ಟಿಕ್ ಎಂದಿತು. ಉರುಳೆಗಳು ಕದಲಿದವು. ನಮ್ಮ ಕಣ್ಣೆದುರಿಗೇ ಇನ್ನೂರು ಅಡಿ ಕಬ್ಬಿಣ ಮಲಗಿದ ಪ್ರಾಣಿ ಮೈ ಮುರಿದಂತೆ ಬೆಳೆಯಿತು, ಎರಡು ಲಾಳಗಳು ಒಳಕ್ಕೆ ಕುಗ್ಗಿ ಅದಕ್ಕೆ ಜಾಗ ಕೊಟ್ಟವು. ಸಾಬರು ಕವಾಟವನ್ನು ಪೂರ್ತಿ ತೆರೆದರು. ನಾನು ತಲೆಯೆತ್ತಿ ಜೋಡಣೆಯನ್ನು ನೋಡಿದೆ. ಒಂದು ಹನಿ ಇಲ್ಲ.

ಮೊದಲು ಒಬ್ಬ ಹೆಂಗಸು ನಾಲಿಗೆ ಆಡಿಸಿ ಉಲಿಯುವ ಅವರ ಹರ್ಷದ ಕೂಗು ಹಾಕಿದಳು. ಆಮೇಲೆ ಅಂಗಳವೇ ಕೂಗಿತು.

ಹಾರ್ಪರ್ ಏಣಿ ಹತ್ತಿ ಒಂದೊಂದೇ ಬಾಗನ್ನು ಪರೀಕ್ಷಿಸಿದರು. ಕೊನೆಯದರ ಹತ್ತಿರ ಬಹಳ ಹೊತ್ತು ನಿಂತು, "ಇದನ್ನು ಯಾರು ಬಗ್ಗಿಸಿದ್ದು?" ಎಂದರು. ಎಂಟರಲ್ಲಿ ಅದೇ ಚೆನ್ನಾಗಿತ್ತು, ನನಗೂ ಗೊತ್ತಿತ್ತು. ನಾನು ವೈಸ್ವಾನ ಬೆನ್ನಿನ ಮೇಲೆ ಕೈಯಿಟ್ಟು ಮುಂದೆ ತಂದೆ. ಹಾರ್ಪರ್ ಇಳಿದು ಬಂದು ದಪ್ಪ ಪುಸ್ತಕ ತೆರೆದರು. ಕೆಲಸ ಮಾಡಿದವರ ಹೆಸರೂ ಹುದ್ದೆಯೂ ಅದರಲ್ಲಿ ಬರೆಯಬೇಕಿತ್ತು. ನನ್ನದು ಬರೆದರು, ಸಾಬರದು ಬರೆದರು. ವೈಸ್ವಾನ ಹೆಸರು ಬರೆದು ತಲೆಯೆತ್ತಿದರು. ಛಗನ್‌ಭಾಯಿ "ಕೂಲಿ" ಎಂದರು.

"ಫಿಟ್ಟರ್, ಸರ್" ಎಂದೆ ನಾನು. ಅಷ್ಟು ಗಟ್ಟಿಯಾಗಿ ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು.

ಹಾರ್ಪರ್ ಛಗನ್‌ಭಾಯಿಯನ್ನು ನೋಡಿದರು, ಮೇಲಿನ ಬಾಗನ್ನು ನೋಡಿದರು, ಬರೆದರು. ವೈಸ್ವಾ ಇಂಗ್ಲಿಷ್ ಓದಲಾರ. ಆದರೂ ಆ ಮಾತಿನ ಮೇಲೆ ಬೆರಳಿಟ್ಟು, ಇದೇ ಏನು ಎಂದು ನನ್ನನ್ನು ಕೇಳಿದ. ಹೌದು ಎಂದೆ.

ಜಿಂಜಾ ಸ್ಟೇಷನ್

ಹದಿನೈದು ದಿನಗಳಲ್ಲಿ ಬಣ್ಣದ ಮನೆಯ ಉಳಿದ ಜೋಡಣೆ ಮುಗಿಸಿ ನಾವು ಹೊರಟೆವು. ಛಗನ್‌ಭಾಯಿ ತಾವೇ ಸ್ಟೇಷನ್ನಿಗೆ ಬಂದು ದಾರಿಗೆಂದು ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ ಕಟ್ಟಿಸಿಕೊಟ್ಟರು. ಕೂಲಿಯವರು ಹತ್ತಾರು ಜನ ಬಂದಿದ್ದರು. ಒಬ್ಬೊಬ್ಬರೂ ನನ್ನ ಹೆಂಡತಿ, ಮಕ್ಕಳು, ದನಕರು, ಹೊಲ ಎಲ್ಲವನ್ನೂ ವಿಚಾರಿಸಿ ಬೀಳ್ಕೊಟ್ಟರು. ವೈಸ್ವಾ ಮಾತ್ರ ಕಾಣಲಿಲ್ಲ. ಗಾರ್ಡು ಸೀಟಿ ಊದುವ ಹೊತ್ತಾದರೂ ನಾನು ಗೇಟಿನ ಕಡೆಯೇ ನೋಡುತ್ತಿದ್ದೆ. ಮನಸ್ಸಿಗೆ ಸ್ವಲ್ಪ ಪಿಚ್ಚೆನ್ನಿಸಿತು.

ಛಗನ್‌ಭಾಯಿಯನ್ನು ಕೇಳಿದೆ.

"ಅವನೇ? ನದಿಯಾಚೆ ಸಕ್ಕರೆ ಕಾರ್ಖಾನೆಯಲ್ಲಿ ಹಬೆಯ ಪೈಪು ಒಡೆದಿದೆಯಂತೆ. ಫಿಟ್ಟರು ಬೇಕು ಎಂದು ಬೆಳಿಗ್ಗೆಯೇ ಜೀಪು ಕಳಿಸಿ ಕರೆದುಕೊಂಡು ಹೋದರು" ಎಂದರು. ಹೇಳುವಾಗ ಅವರ ದನಿಯಲ್ಲೂ ಒಂದಿಷ್ಟು ಹೆಮ್ಮೆಯಿತ್ತು, ತಮ್ಮ ಕಾರ್ಖಾನೆಯವನು ಎಂದು.

ಗಾಡಿ ಹೊರಟಿತು. ನಾನು ಕಿಟಕಿಯ ಪಕ್ಕ ಕೂತೆ. ಇಮಾಮ್ ಸಾಬರು ನನ್ನ ಮುಖ ನೋಡಿ ಮೊಣಕಾಲು ತಟ್ಟಿದರು.

"ಯಾಕ ಕೊಟ್ರಣ್ಣ, ಬರ್ಲಿಲ್ಲ ಅಂತ ಬ್ಯಾಸರಾತೇನು? ಅಲ್ಲಿ ಪೈಪು ಒಡೆದೈತೆ. ಒಡೆದ ಪೈಪು ಬಿಟ್ಟು ಟೇಷನ್‌ಗೆ ಬರಾನು ಎಂಥ ಫಿಟ್ಟರ್ರಿ?"

ನನಗೆ ನಗು ಬಂತು. ಗಾಡಿ ತಿರುವಿನಲ್ಲಿ ಬಾಗಿದಾಗ ಕಾರ್ಖಾನೆಯ ಚಿಮಣಿ ಕಂಡಿತು. ಅದರಾಚೆ ನದಿ, ನದಿಯಾಚೆ ಕಬ್ಬಿನ ಹಸಿರು. ಅಲ್ಲಿ ಎಲ್ಲೋ ಮರಳು ಹುರಿಯುತ್ತಿರಬೇಕು ಎಂದುಕೊಂಡು ನೋಡಿದೆ. ಹೊಗೆ ಏಳುತ್ತಿತ್ತು.